ಎಂಟೂವರೆ ಸಾವಿರ ಕೈಗಳು

(ವಿದ್ಯಾರ್ಥಿ ನಿಲಯದ ಗೆಳೆಯರ ಮುಂದೆ ಆಡಿದ ಮಾತುಗಳ ಬರಹ ರೂಪ)



ಕಲೆಯ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ. ಕಲೆ ಅಂದ ಕೂಡಲೇ ನಮ್ಮ ಹುಡುಗರು ಗೋಡೆಗೆ ಒರಗಿ ಆಕಳಿಸೋಕೆ ಶುರು ಮಾಡ್ತಾರೆ. ತಪ್ಪು ಅವರದಲ್ಲ. ಪಠ್ಯಪುಸ್ತಕ ನಮಗೆ ತೋರಿಸಿದ ಚಿತ್ರಗಳಲ್ಲಿ ರಾಜ ಇದ್ದ, ರಾಣಿ ಇದ್ದಳು, ದೇವರಿದ್ದರು, ಆನೆ ಕುದುರೆ ಇದ್ದವು. ಅರಮನೆಯ ಅಂಗಳ ಗುಡಿಸಿದವರು ಮಾತ್ರ ಎಲ್ಲೂ ಇರಲಿಲ್ಲ. ಆದ್ದರಿಂದ ಇವತ್ತು ಪೊರಕೆಯನ್ನೇ ಕೈಗೆತ್ತಿಕೊಂಡ ಒಬ್ಬ ಕಲಾವಿದೆಯ ಕತೆ ಹೇಳ್ತೀವಿ. ಹೊಗಳೋಕೆ ಹೇಳ್ತಿಲ್ಲ. ಆಕೆ ಮಾಡಿದ್ದರಲ್ಲಿ ನಮಗೆ ಯಾವುದು ಬೇಕು, ಯಾವುದು ಸಾಲದು ಅಂತ ಒರೆಗೆ ಹಚ್ಚಿ ನೋಡೋಕೆ ಹೇಳ್ತೀವಿ.

ಹೆಸರು ಮಿಯರ್ಲ್ ಲೇಡರ್‌ಮನ್ ಯೂಕಲೀಸ್. ಅಮೆರಿಕದವರು. 1939ರಲ್ಲಿ ಡೆನ್ವರ್ ನಗರದಲ್ಲಿ ಹುಟ್ಟಿದರು. ತಂದೆ ಯಹೂದಿ ಧರ್ಮಗುರು. ನ್ಯೂಯಾರ್ಕಿನ ಬರ್ನಾರ್ಡ್ ಕಾಲೇಜಿನಲ್ಲಿ ಓದಿ 1961ರಲ್ಲಿ ಪದವಿ ಪಡೆದರು. ಬರ್ನಾರ್ಡ್ ಕಾಲೇಜು ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಸೇರಿದ್ದು. 1913ರಿಂದ 1916ರವರೆಗೆ ನಮ್ಮ ಬಾಬಾಸಾಹೇಬರು ಓದಿದ ಅದೇ ಕೊಲಂಬಿಯಾ. ಅಷ್ಟರಿಂದಲೇ ಈಕೆ ನಮ್ಮವರಾಗಿಬಿಡೋದಿಲ್ಲ. ನಮಗೂ ಈಕೆಗೂ ಇರುವ ನಂಟು ಕಸದ್ದು, ಪೊರಕೆಯದು, ಮುಟ್ಟುವುದರದು.

ಎಲ್ಲ ಕಲಾವಿದರ ಹಾಗೆ ಯೂಕಲೀಸ್ ಕೂಡ ಯಾರೂ ಮಾಡದ ಹೊಸದನ್ನು ಮಾಡಬೇಕು ಅಂತ ಹೊರಟವರು. 1968ರಲ್ಲಿ ಮಗು ಹುಟ್ಟಿತು. ಮಗು ಹುಟ್ಟಿದ ಮೇಲೆ ಮನೆಯಲ್ಲಿ ಏನಾಗುತ್ತೆ ಅಂತ ನಿಮ್ಮ ಅಕ್ಕಂದಿರನ್ನು ಕೇಳಿ. ಬಟ್ಟೆ ಒಗಿ, ಪಾತ್ರೆ ತಿಕ್ಕು, ಹೇಲು ಬಾಚು, ಉಚ್ಚೆ ಒರೆಸು, ನಾಳೆ ಎದ್ದು ಮತ್ತೆ ಅದನ್ನೇ ಮಾಡು. ದಿನವಿಡೀ ದುಡಿದರೂ ಲೋಕದ ಲೆಕ್ಕದಲ್ಲಿ ಅವಳು 'ಮನೇಲಿ ಸುಮ್ನೆ ಇದಾಳೆ'. ಈ ಸಿಟ್ಟಿನಲ್ಲಿ 1969ರಲ್ಲಿ ಯೂಕಲೀಸ್ ಒಂದು ಪ್ರಣಾಳಿಕೆ ಬರೆದರು. ಅದರ ತಿರುಳು ಇಷ್ಟು: ಲೋಕದಲ್ಲಿ ಎರಡು ಥರದ ಕೆಲಸ ಇವೆ. ಒಂದು ಹೊಸದನ್ನು ಕಟ್ಟೋದು. ಇನ್ನೊಂದು ಕಟ್ಟಿದ್ದನ್ನು ಗುಡಿಸಿ, ತೊಳೆದು, ದುರಸ್ತಿ ಮಾಡಿ ಉಳಿಸಿಕೊಳ್ಳೋದು. ಕಟ್ಟುವವನಿಗೆ ಹೆಸರು, ಹಣ. ಉಳಿಸುವವರಿಗೆ ಚಿಲ್ಲರೆ ಕೂಲಿ, ಮನೆಯ ಹೆಂಗಸಿಗೆ ಅದೂ ಇಲ್ಲ. ಕ್ರಾಂತಿಯೇನೋ ಆಯಿತು ಅಂತಿಟ್ಕೊಳ್ಳಿ, ಅದಾದ ಮೇಲೆ ಸೋಮವಾರ ಹೊತ್ತಾರೆ ಬೀದಿ ಕಸ ಎತ್ತೋರು ಯಾರು ಅಂತ ಆಕೆ ಕೇಳಿದರು. ಇನ್ನು ಮುಂದೆ ನಾನು ಮಾಡೋ ಈ ಉಳಿಸುವ ಕೆಲಸವೇ ನನ್ನ ಕಲೆ ಅಂತ ಸಾರಿದರು.

ಮೆರವಣಿಗೆಯಲ್ಲಿ ಹಾಡಿ ಹಾಡಿ ಗಂಟಲು ಕಟ್ಟಿಸಿಕೊಂಡವರು ನಾವು. ಈ ಪ್ರಶ್ನೆಯ ಮುಂದೆ ಒಂದು ಗಳಿಗೆ ನಿಲ್ಲಬೇಕು. ನ್ಯೂಯಾರ್ಕಿನಲ್ಲಿ ಅದು ಪ್ರಶ್ನೆ. ನಮ್ಮ ದೇಶದಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳೋದೇ ಇಲ್ಲ, ಯಾಕಂದ್ರೆ ಉತ್ತರ ಆಗಲೇ ಬರೆದಿಟ್ಟಿದೆ. ಕೂಸು ತೊಟ್ಟಿಲಲ್ಲಿ ಇರುವಾಗಲೇ ಯಾರ ಕೈಗೆ ಪುಸ್ತಕ, ಯಾರ ಕೈಗೆ ಪೊರಕೆ ಅಂತ ಗೊತ್ತು ಮಾಡಿಬಿಟ್ಟಿದ್ದಾರೆ.

ಮುಂದಿನ ಸಂಗತಿ ಕೇಳಿ. 1973ರ ಜುಲೈ. ಕನೆಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ನಗರದಲ್ಲಿ ವಾಡ್ಸ್‌ವರ್ತ್ ಅಥೀನಿಯಂ ಅಂತ ಒಂದು ದೊಡ್ಡ ಕಲಾ ಸಂಗ್ರಹಾಲಯ. ಯೂಕಲೀಸ್ ಅಲ್ಲಿಗೆ ಹೋಗಿ ನೀರು ಸುರಿದು ಹೊರಗಿನ ಮೆಟ್ಟಿಲು ತೊಳೆದರು. ಒಳಗೆ ಮಂಡಿಯೂರಿ ಕೂತು ನೆಲ ಒರೆಸಿದರು. ಜನ ತುಳಿದುಕೊಂಡು ಹೋದ ಹಾಗೆಲ್ಲ ಮತ್ತೆ ಒರೆಸಿದರು. ನೋಡೋಕೆ ಬಂದವರು ಗೋಡೆಯ ಮೇಲಿನ ಚಿತ್ರ ನೋಡಬೇಕೋ ನೆಲದ ಮೇಲಿನ ಹೆಂಗಸನ್ನು ನೋಡಬೇಕೋ ತಿಳಿಯದೆ ನಿಂತರು.

ಅದೇ ಸಂಗ್ರಹಾಲಯದಲ್ಲಿ ಈಜಿಪ್ಟ್ ದೇಶದ ಮಮ್ಮಿ, ಅಂದ್ರೆ ಕೆಡದ ಹಾಗೆ ಬಟ್ಟೆ ಸುತ್ತಿಟ್ಟ ಪುರಾತನ ಹೆಣ, ಒಂದು ಗಾಜಿನ ಪೆಟ್ಟಿಗೆಯಲ್ಲಿತ್ತು. ಆ ಗಾಜನ್ನು ಒರೆಸುತ್ತಿದ್ದವನು ಅಲ್ಲಿನ ಜಾಡಮಾಲಿ. ಯೂಕಲೀಸ್ ಮೊದಲು ಅವನ ಕೈಲಿ ಒರೆಸಿಸಿದರು. ಆಮೇಲೆ ತಾವು ಒರೆಸಿದರು. ಒರೆಸಿ, ಇದು ಈಗ ಕಲಾಕೃತಿ ಅಂತ ಮೊಹರು ಒತ್ತಿದರು. ಕಲಾಕೃತಿ ಆದ ಮೇಲೆ ಅದನ್ನು ಜಾಡಮಾಲಿ ಮುಟ್ಟುವ ಹಾಗಿಲ್ಲ, ಸಂಗ್ರಹಾಲಯದ ನಿಯಮ! ದೊಡ್ಡ ಓದು ಓದಿದ ಸಂರಕ್ಷಣಾ ತಜ್ಞನೇ ಬರಬೇಕು. ಮೂರನೇ ಸಲ ಅವನು ಬಂದು ಒರೆಸಿದ.

ಅದೇ ಗಾಜು, ಅದೇ ಒರೆಸುವ ಕೆಲಸ. ಕೈ ಬದಲಾಯಿತು, ಬೆಲೆ ಬದಲಾಯಿತು. ನಿನ್ನೆಯವರೆಗೆ ಮುಟ್ಟುತ್ತಿದ್ದವನು ಇವತ್ತು ಮುಟ್ಟಬಾರದವನಾದ. ಅಮೆರಿಕದ ಪಂಡಿತರಿಗೆ ಇದನ್ನು ಅರ್ಥ ಮಾಡಿಸಲು ಅಷ್ಟೆಲ್ಲ ಮಾಡಬೇಕಾಯ್ತು. ನಮ್ಮ ಅಜ್ಜಿಗೆ ಹೇಳಿದರೆ ವೀಳ್ಯ ಉಗಿದು ನಕ್ಕಾಳು. ಬಾವಿ ತೋಡಿದವನೇ ನೀರು ಸೇದುವ ಹಾಗಿಲ್ಲ. ಗುಡಿಗೆ ಕಲ್ಲು ಹೊತ್ತವನೇ ಹೊಸಿಲು ದಾಟುವ ಹಾಗಿಲ್ಲ. ತಮಟೆಗೆ ಚರ್ಮ ಬಿಗಿದವನು ಹೊರಗೆ, ತಮಟೆಯ ಸದ್ದು ಮಾತ್ರ ಒಳಗೆ. ಆ ಗಾಜಿನ ಪೆಟ್ಟಿಗೆಯ ಮುಂದೆ ನಿಂತ ಜಾಡಮಾಲಿ ನಮ್ಮ ಊರಿನವನೇ ಅನ್ನಿಸೋದಿಲ್ಲವೇ?

1976ರಲ್ಲಿ ನ್ಯೂಯಾರ್ಕಿನ ವಾಟರ್ ಸ್ಟ್ರೀಟಿನ ಒಂದು ದೊಡ್ಡ ಕಚೇರಿ ಕಟ್ಟಡದಲ್ಲಿ ವಿಟ್ನಿ ಸಂಗ್ರಹಾಲಯದ ಶಾಖೆ ಇತ್ತು. ಆ ಕಟ್ಟಡದಲ್ಲಿ ಹಗಲೂ ರಾತ್ರಿ ದುಡಿಯುತ್ತಿದ್ದ ಸುಮಾರು 300 ಮಂದಿ ಶುಚಿ ಕೆಲಸದವರು, ಕಾವಲಿನವರು, ಲಿಫ್ಟಿನವರು. ಯೂಕಲೀಸ್ ಅವರ ಬಳಿ ಹೋದರು. ದಿನಕ್ಕೊಂದು ಗಂಟೆ ನೀವು ಮಾಡೋ ಇದೇ ಕೆಲಸವನ್ನು ಕಲೆ ಅಂದುಕೊಂಡು ಮಾಡ್ತೀರಾ ಅಂತ ಕೇಳಿದರು. ಅವರು ಕೆಲಸದಲ್ಲಿ ಇರುವಾಗ ಪೊಲರಾಯ್ಡ್ ಕ್ಯಾಮರಾದಲ್ಲಿ ಫೋಟೋ ತೆಗೆದು, ಇದು ಕೆಲಸವೋ ಕಲೆಯೋ, ನೀವೇ ಹೇಳಿ ಅಂದರು. ಅವರು ಹೇಳಿದ್ದನ್ನೇ ಫೋಟೋದ ಮೇಲೆ ಅಂಟಿಸಿದರು. ಹೀಗೆ 720 ಫೋಟೋಗಳು ಗೋಡೆ ತುಂಬಿದವು. ಇಲ್ಲಿ ಒಂದು ಮಾತು ಗಮನಿಸಿ. ತೀರ್ಪು ಹೇಳಿದವರು ವಿಮರ್ಶಕರಲ್ಲ. ಪೊರಕೆ ಹಿಡಿದವರೇ ಹೇಳಿದರು. 'ಕೆಲಸ' ಅಂತ ಹೇಳುವ ಹಕ್ಕೂ ಅವರಿಗಿತ್ತು.

ಇದನ್ನು ನೋಡಿದ ಒಬ್ಬ ಪತ್ರಿಕಾ ವಿಮರ್ಶಕ ತಮಾಷೆ ಮಾಡಿದ: ನಗರದ ನೈರ್ಮಲ್ಯ ಇಲಾಖೆಯೂ ತನ್ನ ಕೆಲಸವನ್ನು ಕಲೆ ಅಂತ ಕರೆದುಕೊಂಡರೆ ಸರಕಾರದ ಕಲಾ ಅನುದಾನ ಸಿಕ್ಕೀತು ಅಂತ. ಆಗ ನ್ಯೂಯಾರ್ಕ್ ನಗರ ದಿವಾಳಿಯ ಅಂಚಿನಲ್ಲಿತ್ತು. 1975ರಲ್ಲಿ ಸಾವಿರಾರು ನೌಕರರನ್ನು ಮನೆಗೆ ಕಳಿಸಿತ್ತು. ವಿಮರ್ಶಕನ ಕುಹಕವನ್ನು ಯೂಕಲೀಸ್ ಕತ್ತರಿಸಿ ಆ ಇಲಾಖೆಯ ಮುಖ್ಯಸ್ಥರಿಗೇ ಕಳಿಸಿದರು. ಅಲ್ಲಿಂದ ಕರೆ ಬಂತು. 1977ರಲ್ಲಿ ಆಕೆ ನ್ಯೂಯಾರ್ಕ್ ನೈರ್ಮಲ್ಯ ಇಲಾಖೆಯ ಕಲಾವಿದೆಯಾಗಿ ಸೇರಿಕೊಂಡರು. ಸಂಬಳ ಇಲ್ಲದ ಹುದ್ದೆ. ಅಲ್ಲಿಂದ ನಲವತ್ತು ವರ್ಷಕ್ಕೂ ಮೇಲೆ ಆಕೆ ಆ ಜಾಗ ಬಿಡಲಿಲ್ಲ.

ಈಗ ನಮ್ಮ ತಲೆಬರಹದ ಸಂಗತಿಗೆ ಬರೋಣ. 1979ರ ಜುಲೈಯಿಂದ 1980ರ ಜೂನ್‌ವರೆಗೆ, ಹನ್ನೊಂದು ತಿಂಗಳು, ಯೂಕಲೀಸ್ ನ್ಯೂಯಾರ್ಕಿನ 59 ನೈರ್ಮಲ್ಯ ಜಿಲ್ಲೆಗಳನ್ನೂ ಸುತ್ತಿದರು. ಹತ್ತು ಸುತ್ತು. ಬೆಳಗಿನ ಹಾಜರಿ ಕರೆಯುವ ಹೊತ್ತಿಗೆ ಹೋಗಿ ನಿಲ್ಲೋರು, ಲಾರಿಯ ಹಿಂದೆ ನಡೆಯೋರು, ರಾತ್ರಿ ಪಾಳಿಗೂ ಹೋಗೋರು. ಕಸ ಎತ್ತುವವನು ಬಗ್ಗಿ, ಎತ್ತಿ, ತಿರುಗಿ, ಎಸೆಯುವ ಆ ಮೈಯ ಲಯವನ್ನು ಅವನ ಹಿಂದೆಯೇ ನಿಂತು ತಾವೂ ಮಾಡಿ ಕಲಿತರು. ಇಲಾಖೆಯ ಸುಮಾರು 8,500 ಮಂದಿ ಕೆಲಸಗಾರರಲ್ಲಿ ಒಬ್ಬೊಬ್ಬರ ಮುಂದೆಯೂ ನಿಂತು, ಕಣ್ಣಿಗೆ ಕಣ್ಣಿಟ್ಟು, ಕೈ ಕುಲುಕಿ, ಈ ನಗರವನ್ನು ಬದುಕಿಸಿ ಇಟ್ಟದ್ದಕ್ಕೆ ನಿಮಗೆ ವಂದನೆ ಅಂತ ಹೇಳಿದರು. ಅಷ್ಟೇ. ಇದೇ ಆ ಕಲಾಕೃತಿ. ಮೂಲ ಹೆಸರನ್ನು ನಮ್ಮ ಮಾತಿನಲ್ಲಿ ಹೇಳೋದಾದರೆ 'ನೈರ್ಮಲ್ಯವನ್ನು ಮುಟ್ಟು'.

ಒಂದು ಕೈ ಕುಲುಕೋದರಲ್ಲಿ ಏನಿದೆ ಮಹಾ ಅನ್ನಬಹುದು. ಎಂಟೂವರೆ ಸಾವಿರ ಸಲ ಮಾಡಿ ನೋಡಿ. ವೇದಿಕೆಗೆ ನಾಲ್ಕು ಜನರನ್ನು ಕರೆದು ಶಾಲು ಹೊದಿಸಿದರೆ ಒಂದು ಗಂಟೆಯ ಕೆಲಸ. ಆಕೆ ಒಬ್ಬರನ್ನೂ ವೇದಿಕೆಗೆ ಕರೆಯಲಿಲ್ಲ, ತಾವೇ ಹೋದರು. ನಾಲ್ಕು ಜನರನ್ನು ಆರಿಸಲಿಲ್ಲ, ಎಲ್ಲರ ಬಳಿ ಹೋದರು.

ಹೋದಾಗ ಅವರು ಬಾಯಿ ಬಿಟ್ಟರು. ಜನ ತಮ್ಮನ್ನು ಕರೆಯುವ ಹೊಲಸು ಹೆಸರುಗಳನ್ನೆಲ್ಲ ಹೇಳಿದರು. ಒಬ್ಬಾತ ಹದಿನೇಳು ವರ್ಷದ ಹಿಂದಿನ ಮಾತು ಹೇಳಿದ. ಉರಿಬಿಸಿಲಲ್ಲಿ ಲಾರಿ ತುಂಬಿ ದಣಿದು ಒಂದು ಮನೆಯ ಮೆಟ್ಟಿಲ ಮೇಲೆ ಕೂತಿದ್ದರಂತೆ. ಮನೆಯೊಡತಿ ಬಾಗಿಲು ತೆಗೆದು, ನಾರೋ ಕಸದವರೇ ಎದ್ದು ಹೋಗಿ ಅಂತ ಗದರಿದಳಂತೆ. ಆ ಮಾತು ಹದಿನೇಳು ವರ್ಷ ಗಂಟಲಲ್ಲಿ ಸಿಕ್ಕಿಕೊಂಡಿತ್ತು, ಇವತ್ತು ಅಳಿಸಿಹೋಯಿತು ಅಂದ. ಇದನ್ನು ಮರೀಬೇಡಿ ಅಂತಲೂ ಕೇಳಿಕೊಂಡ.

ಯೂಕಲೀಸ್ ಮರೆಯಲಿಲ್ಲ. 1984ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಒಂದು ಕಲಾ ಗ್ಯಾಲರಿಯ ಮುಂದೆ ಆ ಮನೆಯ ಮುಂಭಾಗವನ್ನೇ ಮತ್ತೆ ಕಟ್ಟಿಸಿದರು. ಕೆಲಸಗಾರರು ಹೇಳಿದ್ದ ಬೈಗುಳಗಳನ್ನೆಲ್ಲ ದೊಡ್ಡ ಅಕ್ಷರದಲ್ಲಿ ಬರೆಸಿದರು. ಸಮಾಜದ ನಾನಾ ಕ್ಷೇತ್ರದ ಗಣ್ಯರನ್ನು ಕರೆಸಿ, ಕೈಗೆ ಚಿಂದಿ ಕೊಟ್ಟು, ಆ ಬೈಗುಳಗಳನ್ನು ಅವರ ಕೈಯಿಂದಲೇ ತೊಳೆಸಿದರು.

ಗೆಳೆಯರೇ, ಇಲ್ಲಿ ಸ್ವಲ್ಪ ನಿಲ್ಲೋಣ. ಅವರ ಬೈಗುಳ ಕೆಲಸದ ಮೇಲೆ ಹುಟ್ಟಿದ್ದು. ನಮ್ಮ ನಾಡಿನಲ್ಲಿ ಬೈಗುಳ ಬೇರೆ, ಜಾತಿಯ ಹೆಸರು ಬೇರೆ ಅಲ್ಲವೇ ಅಲ್ಲ. ನಮ್ಮ ಅಪ್ಪನ ಜಾತಿ ಸರ್ಟಿಫಿಕೇಟಿನಲ್ಲಿ ತಹಸೀಲ್ದಾರರು ರುಜು ಹಾಕಿದ ಪದವೇ ಬೀದಿಯಲ್ಲಿ ಬೈಗುಳ. ಅದನ್ನು ಯಾವ ಗಾಜಿನಿಂದ ತೊಳೆಸೋಣ? ಮೊದಲು ತೊಳೆಯಬೇಕಾದ್ದು ಬೈದವನ ಬಾಯಿ. ಹೊಲೆತನ ಇರೋದು ಅಲ್ಲಿ.

ಯೂಕಲೀಸ್ ದಾರಿ ನಮಗೆ ಎಲ್ಲಿ ಸಾಲದು ಅನ್ನೋದನ್ನು ಈಗ ಹೇಳಬೇಕು. ಆಕೆ ಕೈ ಕುಲುಕಿದ ಕೆಲಸಗಾರರಿಗೆ ಸಂಘ ಇತ್ತು. 1968ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಕಸದ ಕೆಲಸಗಾರರು ಒಂಬತ್ತು ದಿನ ಕೆಲಸ ನಿಲ್ಲಿಸಿ ನಗರವನ್ನೇ ಅಲುಗಿಸಿದ್ದರು. ಅವರಿಗೆ ಪರೀಕ್ಷೆ ಬರೆದು ಸೇರುವ ಸರಕಾರಿ ಕೆಲಸ, ಸಮವಸ್ತ್ರ, ಪಿಂಚಣಿ ಇದ್ದವು. ಅದೇ ಫೆಬ್ರವರಿಯಲ್ಲಿ ದಕ್ಷಿಣದ ಮೆಂಫಿಸ್ ನಗರದಲ್ಲಿ ಮಳೆಗೆ ಅಂಜಿ ಕಸದ ಲಾರಿಯೊಳಗೆ ನಿಂತ ಇಬ್ಬರು ಕರಿಯ ಕೆಲಸಗಾರರು ಅದರ ಯಂತ್ರಕ್ಕೆ ಸಿಕ್ಕಿ ಸತ್ತರು. ಸುಮಾರು 1,300 ಜನ ಮುಷ್ಕರ ಹೂಡಿದರು. ತಾವೂ ಮನುಷ್ಯರು ಅಂತ ಫಲಕ ಬರೆದು ಕೊರಳಿಗೆ ಹಾಕಿಕೊಂಡು ನಡೆದರು. ಅವರ ಬೆಂಬಲಕ್ಕೆ ಬಂದ ಮಾರ್ಟಿನ್ ಲೂಥರ್ ಕಿಂಗ್ ಏಪ್ರಿಲ್ 4ರಂದು ಅಲ್ಲೇ ಗುಂಡಿಗೆ ಬಲಿಯಾದರು. ಅಂದ್ರೆ ಕೈ ಕುಲುಕುವ ಕಲೆ ಬರುವ ಮೊದಲು ಮುಷ್ಟಿ ಎತ್ತುವ ಚಳುವಳಿ ಬಂದಿತ್ತು. ಹೊಟ್ಟೆಗೆ, ಪ್ರಾಣಕ್ಕೆ ಜವಾಬು ಸಿಗದ ಕಡೆ ಬರೀ ವಂದನೆ ಹೇಳಿದರೆ ಅದು ಅಣಕ.

ನಮ್ಮಲ್ಲಿ ಆ ಅಣಕ ಬೇಕಾದಷ್ಟು ನಡೆದಿದೆ. 2019ರ ಫೆಬ್ರವರಿಯಲ್ಲಿ ಪ್ರಯಾಗರಾಜದ ಕುಂಭಮೇಳದಲ್ಲಿ ದೇಶದ ಪ್ರಧಾನಿ ಐವರು ಸಫಾಯಿ ಕರ್ಮಚಾರಿಗಳ ಪಾದ ತೊಳೆದರು. ದೇಶವೆಲ್ಲ ಟಿವಿಯಲ್ಲಿ ನೋಡಿತು. ಪಾದ ತೊಳೆಯೋದಕ್ಕೂ ಕೈ ಕುಲುಕೋದಕ್ಕೂ ವ್ಯತ್ಯಾಸ ಇದೆ. ಕೈ ಕುಲುಕುವಾಗ ಇಬ್ಬರೂ ನಿಂತಿರ್ತಾರೆ, ಇಬ್ಬರ ಕಣ್ಣೂ ಒಂದೇ ಮಟ್ಟದಲ್ಲಿ ಇರ್ತವೆ. ಪಾದ ತೊಳೆದಾಗ ಒಬ್ಬ ದೇವರಾಗ್ತಾನೆ, ಒಬ್ಬ ಭಕ್ತನಾಗ್ತಾನೆ. ದೇವರು ಸಂಬಳ ಕೇಳೋದಿಲ್ಲ, ದೇವರಿಗೆ ಪಿಂಚಣಿ ಬೇಕಿಲ್ಲ, ದೇವರು ಮ್ಯಾನ್‌ಹೋಲಿನಲ್ಲಿ ಉಸಿರು ಕಟ್ಟಿ ಸತ್ತರೆ ಯಾರ ಮೇಲೂ ಕೇಸಿಲ್ಲ! ಕುವೆಂಪು ಅವರು 1928ರಲ್ಲೇ 'ಜಲಗಾರ' ನಾಟಕದಲ್ಲಿ ಶಿವನನ್ನು ಜಲಗಾರನ ವೇಷದಲ್ಲಿ ಬೀದಿಗೆ ತಂದರು. ಆ ಕಾಲಕ್ಕೆ ಅದು ಎದೆಗಾರಿಕೆಯ ಮಾತು. ಆದರೆ ಶಿವ ಬಂದು ಹೋದ ಮೇಲೂ ಪೊರಕೆ ನಮ್ಮ ಕೈಯಲ್ಲೇ ಉಳಿಯಿತು. ಕಸ ಬಾಚುವುದು ಪುಣ್ಯದ ಕೆಲಸ ಅಂತ ಗಾಂಧೀಜಿ ಹೊಗಳಿದಾಗ ಬಾಬಾಸಾಹೇಬರು ಕೊಟ್ಟ ಉತ್ತರ ನೆನಪಿರಲಿ. ಈ ದೇಶದಲ್ಲಿ ಮನುಷ್ಯ ಮಾಡುವ ಕೆಲಸದಿಂದ ಭಂಗಿಯಾಗೋದಿಲ್ಲ, ಆ ಕೆಲಸ ಮಾಡಲಿ ಬಿಡಲಿ ಹುಟ್ಟಿನಿಂದಲೇ ಭಂಗಿಯಾಗ್ತಾನೆ ಅನ್ನೋದು ಅವರ ಮಾತಿನ ಸಾರ. ಹುಟ್ಟು ಕಟ್ಟಿದ ಗಂಟನ್ನು ಹೊಗಳಿಕೆ ಬಿಚ್ಚಲಾರದು.

ನಮ್ಮ ಆಡುಮಾತಿನಲ್ಲಿ 'ಕೈ ಕೊಟ್ಟ' ಅಂದ್ರೆ ಮೋಸ ಮಾಡಿದ ಅಂತ. ಸುಧಾರಕರು ನಮಗೆ ಎರಡೂ ಅರ್ಥದಲ್ಲಿ ಕೈ ಕೊಟ್ಟಿದ್ದಾರೆ. ಅದಕ್ಕೇ ಯಾರಾದರೂ ಕೈ ಚಾಚಿದರೆ ನಾವು ಮೊದಲು ಕೇಳಬೇಕಾದ್ದು: ನಾಳೆಯೂ ಬರ್ತೀಯಾ?

ಈ ಪ್ರಶ್ನೆಗೆ ಯೂಕಲೀಸ್ ಬದುಕಿನಲ್ಲಿ ಉತ್ತರ ಇದೆ. ಆಕೆ ನಾಳೆಯೂ ಬಂದರು. 1983ರಲ್ಲಿ ಕಸದ ಲಾರಿಯೊಂದಕ್ಕೆ ಸುತ್ತ ಕನ್ನಡಿ ಹೊದಿಸಿ ಮೆರವಣಿಗೆಯಲ್ಲಿ ಬಿಟ್ಟರು. ಲಾರಿ ಕಡೆ ಮೂಗು ಮುಚ್ಚಿ ನೋಡಿದವನಿಗೆ ಕಂಡದ್ದು ತನ್ನ ಮುಖವೇ. ಕಸ ಯಾರದು ಅಂತ ಕೇಳೋಕೆ ಇದಕ್ಕಿಂತ ನೇರ ದಾರಿ ಇದೆಯೇ? ಸ್ಟೇಟನ್ ಐಲೆಂಡಿನಲ್ಲಿ ಫ್ರೆಶ್ ಕಿಲ್ಸ್ ಎಂಬ ಕಸದ ಬೆಟ್ಟ ಇತ್ತು. 1948ರಿಂದ 2001ರವರೆಗೆ ನ್ಯೂಯಾರ್ಕ್ ಅಲ್ಲಿ ಕಸ ಸುರಿಯಿತು. ಈಗ ಅದನ್ನು ಉದ್ಯಾನ ಮಾಡುತ್ತಿದ್ದಾರೆ. 1989ರಿಂದಲೂ ಯೂಕಲೀಸ್ ಆ ಜಾಗದ ಹಿಂದೆ ಬಿದ್ದವರು. 2016ರಲ್ಲಿ ಕ್ವೀನ್ಸ್ ಸಂಗ್ರಹಾಲಯ ಆಕೆಯ ಇಡೀ ಜೀವನದ ಕೆಲಸವನ್ನು ಒಂದೆಡೆ ತೋರಿಸಿತು. 2020ರಲ್ಲಿ ಕೊರೋನಾ ಕಾಲದಲ್ಲಿ ನಗರದ ಸೇವಾ ಕೆಲಸಗಾರರಿಗೆ ವಂದನೆ ಹೇಳುವ ಆಕೆಯ ಮಾತುಗಳು ನ್ಯೂಯಾರ್ಕಿನ ಬೀದಿ ಫಲಕಗಳಲ್ಲಿ ಮೂಡಿದವು.

ಅದೇ 2016ರಲ್ಲಿ ನಮ್ಮ ಕೋಲಾರ ಚಿನ್ನದ ಗಣಿಯ ಮಗ ಬೆಜವಾಡ ವಿಲ್ಸನ್ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಮಲ ಬಾಚುವ ಮನೆತನದಲ್ಲಿ ಹುಟ್ಟಿ, ಆ ಪದ್ಧತಿಯನ್ನೇ ಮುಗಿಸ್ತೀವಿ ಅಂತ ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿದವರಲ್ಲಿ ಒಬ್ಬರು ಅವರು. ಯೂಕಲೀಸ್ ಕಸದ ಕೆಲಸಕ್ಕೆ ಗೌರವ ಕೇಳಿದರು. ವಿಲ್ಸನ್ ಆ ಒಂದು ಕೆಲಸವೇ ಇರಬಾರದು ಅಂದರು. ಬೀದಿ ಗುಡಿಸುವುದಕ್ಕೆ ಗೌರವ, ಸಂಬಳ, ಕಾಯಂ ನೌಕರಿ ಬೇಕು. ಮನುಷ್ಯನ ಮಲವನ್ನು ಮನುಷ್ಯ ಬಾಚುವುದಕ್ಕೆ ಗೌರವ ಬೇಡ, ಅದು ನಿಲ್ಲಬೇಕು. ಈ ಎರಡು ಮಾತನ್ನು ಒಟ್ಟಿಗೆ ಹಿಡಿದುಕೊಳ್ಳೋದು ನಮ್ಮ ಕಲೆ, ನಮ್ಮ ರಾಜಕೀಯ ಎರಡಕ್ಕೂ ಅಡಿಪಾಯ.

ಮಲ ತಲೆಮೇಲೆ ಹೊರುವುದನ್ನು ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ 1970ರ ದಶಕದಲ್ಲೇ ನಮ್ಮ ರಾಜ್ಯದಲ್ಲಿ ನಿಷೇಧಿಸಿದರು. 1993ರಲ್ಲಿ ದೇಶಕ್ಕೆ ಕಾನೂನು ಬಂತು, 2013ರಲ್ಲಿ ಇನ್ನೊಂದು ಬಂತು. ಚರಂಡಿಗೆ ಇಳಿದು ಸತ್ತವರ ಮನೆಯವರಿಗೆ 10 ಲಕ್ಷ ಕೊಡಿ ಅಂತ 2014ರಲ್ಲಿ ಸುಪ್ರೀಂ ಕೋರ್ಟು ಹೇಳಿತು, 2023ರಲ್ಲಿ 30 ಲಕ್ಷ ಅಂದಿತು. ಸಾವಿನ ಬೆಲೆ ಏರಿತು, ಸಾವು ನಿಲ್ಲಲಿಲ್ಲ. 2010ರ ಜುಲೈಯಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ, ಇದ್ದ ಜಾಗದಿಂದ ತಮ್ಮನ್ನು ಎಬ್ಬಿಸುತ್ತಾರೆ ಅಂತ ಭಂಗಿ ಸಮುದಾಯದವರು ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡು ನಿಂತರು. ಅದನ್ನು ಯಾವ ಸಂಗ್ರಹಾಲಯದಲ್ಲಿ ಇಡ್ತೀರಿ? ಅವರು ಕಲಾವಿದರು ಅಂತ ನಾವು ಹೇಳಲಾರೆವು. ಹಾಗೆ ಹೇಳಿದರೆ ಅವರ ನೋವನ್ನು ನಮ್ಮ ಪದ್ಯಕ್ಕೆ ಸಾಲ ತಂದ ಹಾಗೆ. 2022ರ ಜುಲೈಯಲ್ಲಿ ಬೆಂಗಳೂರಿನ ಪೌರಕಾರ್ಮಿಕರು ಕಾಯಂ ಮಾಡಿ ಅಂತ ಪೊರಕೆ ಕೆಳಗಿಟ್ಟು ಕೂತರು. ಅವರಲ್ಲಿ ಬಹುಪಾಲು ಹೆಂಗಸರು, ನಮ್ಮ ಅವ್ವಂದಿರ ವಯಸ್ಸಿನವರು. ಸರಕಾರ ಮಾತು ಕೊಡಬೇಕಾಯ್ತು.

ಹಾಗಾದರೆ ಬರೆಯುವ, ಬಿಡಿಸುವ, ಹಾಡುವ ನಮ್ಮಂಥವರು ಯೂಕಲೀಸ್‌ರಿಂದ ತಗೋಬೇಕಾದ್ದೇನು? ಮೂರು ಮಾತು.

ಒಂದು, ಲೆಕ್ಕ. 'ಶೋಷಿತ ಜನಕೋಟಿ' ಅಂತ ಬರೆಯೋದು ಸುಲಭ, ಒಂದು ಸಾಲು ಸಾಕು. ಆಕೆ ಕೋಟಿ ಅನ್ನಲಿಲ್ಲ, ಒಬ್ಬ, ಇನ್ನೊಬ್ಬ, ಮತ್ತೊಬ್ಬ ಅಂತ ಎಂಟೂವರೆ ಸಾವಿರ ಎಣಿಸಿದರು. ನಮ್ಮ ಪದ್ಯದಲ್ಲಿ ಕೋಟಿ ಜನ ಇದ್ದಾರೆ. ನಮ್ಮ ಹಾಸ್ಟೆಲಿನ ಕಕ್ಕಸು ತೊಳೆಯುವ ಅಮ್ಮನ ಹೆಸರು ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಆಕೆಗೆ ಎಷ್ಟು ಸಂಬಳ, ಯಾವ ತಿಂಗಳಿನದು ಬಾಕಿ, ಕೈಗೆ ಗವುಸು ಕೊಟ್ಟಿದ್ದಾರಾ? ಇದನ್ನು ಕೇಳಿ ತಿಳಿದುಕೊಳ್ಳಿ. ತಿಳಿದ ಮೇಲೆ ವಾರ್ಡನ್ನರ ಮುಂದೆ ಅರ್ಜಿ ಹಿಡಿದು ಆಕೆಯ ಜೊತೆ ನಿಲ್ಲಿ.

ಎರಡು, ಮನೆ. ಯೂಕಲೀಸ್ ಬೀದಿಯ ಕಸಕ್ಕೆ ಬಂದದ್ದು ಮನೆಯ ಕಸದಿಂದ. ಆ ಎಂಟೂವರೆ ಸಾವಿರ ಕೆಲಸಗಾರರೂ ಗಂಡಸರೇ. ಆ ಇಲಾಖೆ ಈ ಕೆಲಸಕ್ಕೆ ಹೆಂಗಸರನ್ನು ತಗೊಂಡದ್ದು 1986ರಲ್ಲಿ. ನಮ್ಮ ಚಳುವಳಿಯ ಅಣ್ಣಂದಿರೂ ಕೇಳಿಸಿಕೊಳ್ಳಬೇಕು. ಸಭೆಯಲ್ಲಿ ಸಮಾನತೆಯ ಭಾಷಣ ಮುಗಿಸಿ ಮನೆಗೆ ಹೋಗಿ, ಉಂಡ ತಟ್ಟೆಯನ್ನು ಅಲ್ಲೇ ಬಿಟ್ಟು ಏಳುವವನು ಯಾವ ಮುಖ ಹೊತ್ತು ಮನುವನ್ನು ಬೈತಾನೆ? ಹೋರಾಟದ ಮಾರನೆ ಬೆಳಿಗ್ಗೆ ಅಂಗಳ ಗುಡಿಸೋರು ಯಾರು ಅನ್ನೋ ಪ್ರಶ್ನೆ ನಮ್ಮ ಗುಡಿಸಲಿನಿಂದಲೇ ಶುರುವಾಗಲಿ.

ಮೂರು, ಬಾಯಿ. ಇದು ಕೆಲಸವೋ ಕಲೆಯೋ ಅಂತ ಹೇಳುವ ಹಕ್ಕನ್ನು ಆಕೆ ಕೆಲಸಗಾರರಿಗೆ ಬಿಟ್ಟರು. ಆಕೆ ಹೊರಗಿನಿಂದ ಹೋದವರು, ಅವರಿಗೆ ಅದು ಬೇಕಿತ್ತು. ನಾವು ಒಳಗಿನಿಂದ ಬಂದವರು. ಆದರೂ ನಾಲ್ಕಕ್ಷರ ಕಲಿತ ಮೇಲೆ ನಾವೂ ಅರ್ಧ ಹೊರಗಿನವರೇ. ಅವ್ವನ ಬದಲು ನಾವು ಮಾತಾಡೋ ಮೊದಲು ಅವ್ವ ಏನಂತಾಳೆ ಕೇಳೋಣ. ಅವಳು ಪದ್ಯ ಬೇಡ, ರೇಷನ್ ಕಾರ್ಡು ಮಾಡಿಸಿಕೊಡು ಅಂದ್ರೆ ಪೆನ್ನು ಅದಕ್ಕೇ ಓಡಲಿ. ಅರ್ಜಿಯೂ ಬರಹವೇ.

ಇಷ್ಟು ಹೇಳಿ ಮುಗಿಸ್ತೀವಿ. ನಾಳೆ ಬೆಳಿಗ್ಗೆ ಆರಕ್ಕೆ ಹಾಸ್ಟೆಲಿನ ಹಿಂಬದಿಯ ಬಾಗಿಲಿಗೆ ಆ ಅಮ್ಮ ಬರ್ತಾರೆ. ಅಷ್ಟು ಹೊತ್ತಿಗೆ ನಿಮ್ಮಲ್ಲಿ ಇಬ್ಬರಾದರೂ ಎದ್ದಿರಿ. ಹೆಸರು ಕೇಳಿ, ಬಕೆಟ್ಟಿನ ಒಂದು ಕಡೆ ಹಿಡಿಯಿರಿ. ಆಮೇಲೆ ಬಾಕಿ ಸಂಬಳದ ಲೆಕ್ಕ ಬರೆಯೋಕೆ ಒಂದು ಹಾಳೆ ತನ್ನಿ.

ಜೈ ಭೀಮ್.